ಕೈಯ ನಡುಕವೋ, ಎದೆಯ ನಡುಕವೋ

ಬೆಳಕು ಇನ್ನೂ ಪೂರ್ತಿ ಹರಿದಿಲ್ಲ. ತುರ್ತು ಚಿಕಿತ್ಸೆಯ ವಾರ್ಡಿಗೆ ಅಂಟಿಕೊಂಡಿರುವ ಸಣ್ಣ ಕೋಣೆಯಲ್ಲಿ ಗೆರೆಯಕ್ಕ ಎರಡೂ ಅಂಗೈಗಳನ್ನು ಉಜ್ಜುತ್ತಾ ನಿಂತಿದ್ದಾರೆ. ಚಳಿಗಲ್ಲ. ಇನ್ನು ಸ್ವಲ್ಪ ಹೊತ್ತಿಗೆ ಆ ಕೈ ಯಾರದೋ ಎದೆಯನ್ನು ಮುಟ್ಟಬೇಕು. ತಣ್ಣನೆಯ ಕೈ ತಗುಲಿದರೆ ಮೈ ಜುಮ್ಮೆನ್ನುತ್ತದೆ, ಮೈ ಜುಮ್ಮೆಂದರೆ ಕಾಗದದ ಮೇಲೆ ಗೆರೆ ಕೆಡುತ್ತದೆ. "ಮಿಷಿನ್ ಆನ್ ಮಾಡೋಕೆ ಮುಂಚೆ ಕೈ ಆನ್ ಮಾಡ್ಕೋಬೇಕು," ಎನ್ನುತ್ತಾರೆ, ನಗದೆ.

ಅವರ ಕೆಲಸ ಇಸಿಜಿ ತೆಗೆಯುವುದು. ಎದೆಗೆ ರಬ್ಬರಿನ ಬಟ್ಟಲುಗಳನ್ನು ಕಚ್ಚಿಸಿ, ಕೈಕಾಲಿಗೆ ಕ್ಲಿಪ್ಪು ಹಾಕಿ ಗುಂಡಿ ಒತ್ತಿದರೆ ಹೃದಯದ ಬಡಿತ ಚೌಕುಳಿ ಕಾಗದದ ಮೇಲೆ ಗೆರೆಯಾಗಿ ಇಳಿಯುತ್ತದೆ. ಅದರಿಂದಲೇ ಈ ಹೆಸರು. ಯಾರು ಮೊದಲು ಕರೆದರೆಂದು ಗೆರೆಯಕ್ಕನಿಗೆ ನೆನಪಿಲ್ಲ. ಹಾಜರಿಯಲ್ಲಿರುವ ಹೆಸರು ಹಿಡಿದು ಕರೆದರೆ ತಾವೇ ತಿರುಗಿ ನೋಡುವುದಿಲ್ಲವಂತೆ.

ಕೋಣೆಯಲ್ಲಿ ಒಂದು ಮಂಚ, ಒಂದು ಯಂತ್ರ, ಒಂದು ಕಸದ ಬುಟ್ಟಿ. ಬಾಗಿಲಿನ ಜಾಗದಲ್ಲಿ ಹಸಿರು ಪರದೆ. ಒಗೆದು ಒಗೆದು ಕುಗ್ಗಿತೋ, ಹೊಲಿದವನ ಅಳತೆಯೇ ತಪ್ಪಿತ್ತೋ, ಅದು ಗೋಡೆಯನ್ನು ಮುಟ್ಟುವುದಿಲ್ಲ. ಒಂದು ಗೇಣು ಸಂದಿ ಉಳಿಯುತ್ತದೆ. ಯಾರಾದರೂ ಅಂಗಿ ಬಿಚ್ಚುವ ಹೊತ್ತಿಗೆ ಗೆರೆಯಕ್ಕ ಆ ಸಂದಿಗೆ ಬೆನ್ನು ಕೊಟ್ಟು ನಿಲ್ಲುತ್ತಾರೆ. ಅವರ ಕೆಲಸದ ಅರ್ಧ ಭಾಗ ಹೀಗೆ ನಿಲ್ಲುವುದೇ.

ಈ ಬೆಳಗ್ಗೆ ಸ್ಟ್ರೆಚರಿನ ಮೇಲೆ ಬರುವವನು ಮೂವತ್ತು ದಾಟಿದ ಒಬ್ಬ ಗಂಡಸು. ಅಂಗಡಿಗಳಿಗೆ ಬೋರ್ಡು ಬರೆಯುವವನು. ಉಗುರುಗಳ ಬುಡದಲ್ಲಿ ಕೆಂಪು ಬಣ್ಣ ಇನ್ನೂ ಹೋಗಿಲ್ಲ. ಬಚ್ಚಲಮನೆಯ ಬಾಗಿಲಲ್ಲಿ ಕುಸಿದು ಬಿದ್ದಿದ್ದನಂತೆ. ಹಿಂದೆ ತಾಯಿ, ಅವಳ ಹಿಂದೆ ಅಕ್ಕ. ತಾಯಿಯ ಮುಷ್ಟಿಯಲ್ಲಿ ಖಾಲಿಯಾದ ಮಾತ್ರೆ ಹಾಳೆಗಳು, ಮಗನ ದಿಂಬಿನ ಕೆಳಗೆ ಸಿಕ್ಕಿದವು. ಇಲ್ಲದ ಧ್ವನಿಗಳು ಕೇಳುವ ಕಾಯಿಲೆಗೆ ಕೊಡುವ ಮಾತ್ರೆ. ಬಹಳ ದಿನದಿಂದ ಅವನು ಅದನ್ನು ಮುಟ್ಟುವುದೇ ಇಲ್ಲ ಎಂದು ಮನೆಯವರು ತಿಳಿದಿದ್ದರು.

"ಒಂದೇ ಸಲಕ್ಕೆ ನುಂಗಿಬಿಟ್ಟಿದ್ದಾನೆ ಡಾಕ್ಟ್ರೇ," ಎನ್ನುತ್ತಾಳೆ ತಾಯಿ.

"ನುಂಗಿಲ್ಲ," ಎನ್ನುತ್ತಾನೆ ಅವನು, ನಾಲಿಗೆ ದಪ್ಪಗಾದವನಂತೆ.

"ಸುಮ್ನಿರೋ. ಹಾಳೆ ಸುಳ್ಳು ಹೇಳುತ್ತಾ?" ಎನ್ನುತ್ತಾಳೆ ಅಕ್ಕ.

ರಾತ್ರಿಪಾಳಿ ಮುಗಿಸುವ ಹಂತದಲ್ಲಿರುವ ಕಿರಿಯ ಡಾಕ್ಟರು ಮೂವರ ಮುಖವನ್ನೂ ನೋಡಿ, ನಂಬಿಕೆಯನ್ನು ಹಾಳೆಗಳ ಕಡೆಗೆ ಇಡುತ್ತಾರೆ. ಬೇಕೆಂದೇ ನುಂಗಿದ್ದು ಎಂದು ಅವರು ಬರೆದರೆ, ಹೃದಯ ಸರಿಹೋದ ಮೇಲೂ ಇವನು ಮನೆಗೆ ಹೋಗುವುದಿಲ್ಲ; ಮೇಲಿನ ಮಹಡಿಯ ಬೀಗ ಹಾಕಿದ ಮನೋರೋಗ ವಾರ್ಡಿಗೆ ಹೋಗುತ್ತಾನೆ. ಅದು ಮಂಚದ ಮೇಲಿರುವವನಿಗೂ ಗೊತ್ತು. ಹಿಂದೊಮ್ಮೆ ಹೋಗಿ ಬಂದವನು.

ಗೆರೆಯಕ್ಕ ಬಟ್ಟಲುಗಳನ್ನು ಕಚ್ಚಿಸುತ್ತಾರೆ. ಅವನ ಕೈಗಳು ನಡುಗುತ್ತಿವೆ. ಈ ಜಾತಿಯ ಮಾತ್ರೆ ತಿನ್ನುವವರಲ್ಲಿ ಹಲವರ ಕೈ ಹಾಗೆಯೇ ನಡುಗುತ್ತದೆ, ಗೆರೆಯಕ್ಕನಿಗೆ ಅದು ಹೊಸದಲ್ಲ. ಮೊದಲ ಕಾಗದ ಹೊರಬರುತ್ತದೆ: ಗೆರೆ ತುಂಬ ಗರಗಸದ ಹಲ್ಲು, ನಡುವೆ ಒಂದು ಕಡೆ ಹುರಿಗಟ್ಟಿದಂಥ ಗೋಜಲು. "ಅಲ್ಲಾಡ್ಬೇಡ ತಮ್ಮಾ," ಎಂದು ಗೆರೆಯಕ್ಕ ಆ ತುಂಡನ್ನು ಹರಿದು ಬುಟ್ಟಿಗೆ ಎಸೆಯುತ್ತಾರೆ. ನಡುಕದ ಕಾಗದವನ್ನು ಯಾರೂ ಇಟ್ಟುಕೊಳ್ಳುವುದಿಲ್ಲ. ಆಮೇಲೆ ಈ ಕೆಲಸದವರಿಗೆಲ್ಲ ಗೊತ್ತಿರುವ ಉಪಾಯ: "ಎರಡೂ ಅಂಗೈ ಸೊಂಟದ ಕೆಳಗೆ ಇಟ್ಕೊಂಡು ಅದರ ಮೇಲೇ ಮಲಗು. ಮಾತಾಡ್ಬೇಡ. ಯಾರೂ ಮಾತಾಡ್ಬೇಡಿ."

ಕೋಣೆ ಸ್ತಬ್ಧವಾಗುತ್ತದೆ. ಈ ಸಲ ಗೆರೆ ಸ್ವಚ್ಛ. ಗುಂಡಿ ಬಿಟ್ಟು, ದಿನವೂ ಹೇಳುವ ಮಾತನ್ನೇ ಹೇಳುತ್ತಾರೆ: "ಹಾಂ, ಆಯ್ತು. ಈಗ ಮಾತಾಡಬಹುದು."

ತಾಯಿ ಮುಷ್ಟಿ ಬಿಚ್ಚಿ ಹಾಳೆಗಳನ್ನು ಇನ್ನೊಮ್ಮೆ ಎಣಿಸುತ್ತಾಳೆ.

ಡಾಕ್ಟರು ಕಾಗದವನ್ನು ಬೆಳಕಿಗೆ ಹಿಡಿದು ಚೌಕುಳಿ ಎಣಿಸುತ್ತಾರೆ. ಹೃದಯ ಒಮ್ಮೆ ಬಡಿದ ಮೇಲೆ ಮುಂದಿನ ಬಡಿತಕ್ಕೆ ಸಿದ್ಧವಾಗಲು ಒಂದಿಷ್ಟು ಹೊತ್ತು ಬೇಕು. ಈ ಮಾತ್ರೆಗಳು ಮೈಯಲ್ಲಿ ಅತಿಯಾದರೆ ಆ ಹೊತ್ತು ಹಿಗ್ಗುತ್ತದೆ. ಹಿಗ್ಗಿದ ಹೊತ್ತಿನ ನಡುವೆ ಒಂದು ಬಡಿತ ಅವಸರ ಮಾಡಿ ನುಗ್ಗಿದರೆ ಹೃದಯ ಬಡಿಯುವುದನ್ನು ಬಿಟ್ಟು ತಿರುಚಿಕೊಳ್ಳತೊಡಗುತ್ತದೆ. ರಕ್ತ ತಲೆಗೆ ಹೋಗುವುದಿಲ್ಲ. ತಾನಾಗಿ ಸರಿಹೋದರೆ ಬರೀ ತಲೆಸುತ್ತು. ಸರಿಹೋಗದಿದ್ದರೆ ಮುಗಿಯಿತು. "ಹಿಗ್ಗಿದೆ," ಎನ್ನುತ್ತಾರೆ ಡಾಕ್ಟರು. ರಕ್ತ ಪರೀಕ್ಷೆಗೆ ಕಳಿಸುತ್ತಾರೆ. ಮಾನಿಟರ್ ಇರುವ ಮಂಚ ಖಾಲಿಯಾಗುವವರೆಗೆ ಇವನು ಇಲ್ಲೇ ಇರಲಿ, ಆಗಾಗ ಇಸಿಜಿ ತೆಗೆಯುತ್ತಿರಿ ಎಂದು ಹೇಳಿ ಮುಂದಿನ ಮಂಚಕ್ಕೆ ಓಡುತ್ತಾರೆ.

ಗೆರೆಯಕ್ಕ ಈ ಕೆಲಸಕ್ಕೆ ಬಂದದ್ದು ಜೆರಾಕ್ಸ್ ಅಂಗಡಿಯಿಂದ. ಆಸ್ಪತ್ರೆಯ ಗೇಟಿನ ಎದುರಿಗೇ ಆ ಅಂಗಡಿ ಇತ್ತು. ರೋಗಿಗಳ ಕಾಗದಗಳನ್ನು ನಕಲು ಮಾಡುತ್ತಾ ಮಾಡುತ್ತಾ ಒಂದು ದಿನ ಆಸ್ಪತ್ರೆಯ ತರಬೇತಿಗೆ ಅರ್ಜಿ ಹಾಕಿದರು. "ಅಲ್ಲೂ ಮಿಷಿನ್, ಇಲ್ಲೂ ಮಿಷಿನ್. ಅಲ್ಲೂ ಕಾಗದ ಬರ್ತಿತ್ತು, ಇಲ್ಲೂ ಬರುತ್ತೆ. ಅಲ್ಲಿ ಏನು ಬರೆದಿದೆ ಅಂತ ಓದಬಹುದಿತ್ತು, ಅಷ್ಟೇ ವ್ಯತ್ಯಾಸ."

ಈಗಲೂ ತಾನು ಗೆರೆಯನ್ನು ಓದುತ್ತೇನೆಂದು ಅವರು ಹೇಳಿಕೊಳ್ಳುವುದಿಲ್ಲ. ಓದುವುದು ಡಾಕ್ಟರ ಕೆಲಸ. ತನ್ನದು ಗೆರೆ ಕೆಡದಂತೆ ನೋಡಿಕೊಳ್ಳುವುದು. ದಿನಕ್ಕೆ ನಲವತ್ತರ ಆಸುಪಾಸು ಎದೆಗಳು. ಜ್ವರದಿಂದ ಬೆವೆತ ಎದೆ, ಕೂದಲು ಬೋಳಿಸಬೇಕಾದ ಎದೆ, ನಾಚಿ ಮುದುರಿಕೊಳ್ಳುವ ಎದೆ. ಕೆಲವು ಮುದುಕಿಯರು ಸೆರಗು ಬಿಡುವುದೇ ಇಲ್ಲ. ಅವರ ಜೊತೆ ಸೊಸೆಯಂದಿರನ್ನು ಬೈಯುತ್ತಾ ನಿಲ್ಲಬೇಕು, ಬೈಗುಳ ಮುಗಿಯುವ ಹೊತ್ತಿಗೆ ಸೆರಗು ತಾನಾಗಿ ಜಾರಿರುತ್ತದೆ. ನಿಂತು ನಿಂತು ಮಂಡಿ ಹೋಗಿದೆ. ಮನೆಯಲ್ಲಿ ಶಾಲೆಯ ವ್ಯಾನು ಓಡಿಸುವ ಗಂಡ, ಕಿವಿ ಮಂದವಾದ ಅತ್ತೆ. "ಮನೇಲಿ ಕೂಗಿ ಕೂಗಿ ಮಾತಾಡ್ಬೇಕು, ಇಲ್ಲಿ ಉಸಿರು ಬಿಡೋದೂ ಕೇಳಿಸ್ಬಾರ್ದು. ನನ್ನ ಗಂಟಲಿಗೇ ತಾನು ಎಲ್ಲಿದೀನಿ ಅಂತ ಗೊತ್ತಾಗಲ್ಲ."

ಇಷ್ಟು ವರ್ಷದಲ್ಲಿ ಅವರು ಗಮನಿಸಿರುವ ಸಂಗತಿ ಒಂದೇ. ಗೆರೆ ಇಳಿಯುವಾಗ ಎಲ್ಲರೂ ಬಾಯಿ ಮುಚ್ಚಿರಬೇಕಲ್ಲ, ಆ ಒತ್ತಾಯದ ಮೌನ ಮುಗಿದ ಕೂಡಲೇ ಜನ ಏನನ್ನೋ ಹೇಳಿಬಿಡುತ್ತಾರೆ. ಹೇಳಬೇಕೆಂದು ಬಂದಿದ್ದನ್ನಲ್ಲ, ಹೇಳಬಾರದೆಂದು ಬಂದಿದ್ದನ್ನು. ಅದು ಯಾಕೆ ಹೀಗೆ ಎಂದು ಕೇಳಿದರೆ ಅವರು ಯಂತ್ರದ ತಂತಿಗಳ ಸಿಕ್ಕು ಬಿಡಿಸತೊಡಗುತ್ತಾರೆ.

ಆ ಬೆಳಗ್ಗೆಯೂ ಅದೇ. ಮಗನಿಗೆ ಮಂಪರು, ಅಕ್ಕ ಹೊರಗಿದ್ದಾಳೆ. ತಾಯಿ ಮೆಲ್ಲಗೆ ಗೆರೆಯಕ್ಕನ ತೋಳು ಹಿಡಿದು ಪರದೆಯ ಸಂದಿಗೆ ಎಳೆಯುತ್ತಾಳೆ.

"ಒಂದು ಮಾತು ಹೇಳ್ತೀನಿ, ಅವನ ಕಿವಿಗೆ ಬೀಳ್ಬಾರ್ದು. ದಿನಾ ಬೆಳಗ್ಗೆ ಅವನ ಟೀಗೆ ನಾನು ಅದೇ ಔಷಧಿಯ ಹನಿ ಹಾಕ್ತಿದ್ದೆ. ರುಚಿಯಿಲ್ಲ, ವಾಸನೆಯಿಲ್ಲ. ಮಾತ್ರೆ ಕೊಟ್ರೆ ಉಗೀತಾನೆ, ಏನ್ ಮಾಡ್ಲಿ? ಇವಳಿಗೂ ಗೊತ್ತಿಲ್ಲ, ನನ್ನ ಮಗಳಿಗೆ. ತಮ್ಮನಿಗೆ ಮೋಸ ಮಾಡಿ ಕೊಡ್ಬೇಡಮ್ಮ ಅಂತ ಆಣೆ ಹಾಕಿಸ್ಕೊಂಡಿದ್ಲು. ಅವನಿಗೆ ತಿಳಿದ್ರೆ ಇನ್ನು ನನ್ನ ಕೈಯಿಂದ ನೀರು ಕೂಡ ಕುಡಿಯಲ್ಲ."

ಗೆರೆಯಕ್ಕ ತಲೆಯಾಡಿಸುತ್ತಾರೆ. ಹೌದೆಂದೋ ಅಲ್ಲವೆಂದೋ ಅವರಿಗೇ ಸ್ಪಷ್ಟವಿಲ್ಲ. ಇದನ್ನು ಡಾಕ್ಟರಿಗೆ ಹೇಳಬೇಕು. ಆದರೆ ಡಾಕ್ಟರು ಹೊರಗೆ ಅಪಘಾತದ ಗಾಯಾಳುಗಳ ನಡುವೆ ಇದ್ದಾರೆ. ತಾಯಿ ಮುಖ ತೊಳೆಯಲು ಹೋಗುತ್ತಾಳೆ. ಅಷ್ಟರಲ್ಲಿ ಇನ್ನೊಂದು ಇಸಿಜಿಗೆ ಹೊತ್ತಾಗುತ್ತದೆ. ಈ ಸಲ ಒಳಗೆ ಬರುವವಳು ಅಕ್ಕ. ತಮ್ಮನ ಎರಡೂ ಕೈಗಳನ್ನು ಅವಳೇ ಅವನ ಸೊಂಟದ ಕೆಳಗೆ ಸೇರಿಸಿ, ಗೆರೆಯಕ್ಕನ ಕಿವಿಯ ಬಳಿ ಬಗ್ಗುತ್ತಾಳೆ.

"ಅಮ್ಮನಿಗೆ ಹೇಳ್ಬೇಡಿ ಅಕ್ಕಾ. ರಾತ್ರಿ ಹಾಲಿಗೆ ನಾನು ಹನಿ ಹಾಕ್ತಿದ್ದೆ. ಎರಡು ತಿಂಗಳಾಯ್ತೇನೋ. ಅಮ್ಮ ಹಾಕಿದ್ರೆ ಮೋಸ ಅಂತ ಜಗಳ ಆಡಿದವಳು ನಾನೇ. ಆದ್ರೆ ಇವನು ಬೋರ್ಡಿನ ಅಕ್ಷರಗಳ ಜೊತೆ ಮಾತಾಡೋಕೆ ಶುರು ಮಾಡಿದಾಗ—"

"ಶ್!" ಎನ್ನುತ್ತಾರೆ ಗೆರೆಯಕ್ಕ. ಕಾಗದ ಇಳಿಯುತ್ತಿದೆ.

ಮೊದಲು ನೆಟ್ಟಗೆ. ಆಮೇಲೆ ಗೆರೆ ಹಿಗ್ಗಿ, ಕುಗ್ಗಿ, ಹಗ್ಗ ಹೊಸೆದಂತೆ ತನ್ನ ಸುತ್ತಲೇ ಸುತ್ತಿಕೊಳ್ಳುತ್ತದೆ. ಬೆಳಗ್ಗೆ ನೋಡಿದ ಗೋಜಲೇ ಅಲ್ಲವೇ? ಬಾಯಿಗೆ ಅದೇ ಮಾತು ಬರುತ್ತದೆ: "ಅಲ್ಲಾಡ್ಬೇಡ ತಮ್ಮಾ." ಹೇಳುತ್ತಲೇ ಕೈ ನೋಡುತ್ತಾರೆ. ಕೈ ಸೊಂಟದ ಕೆಳಗೇ ಇದೆ. ಅಲ್ಲಾಡುತ್ತಿಲ್ಲ. ಅವನ ಕಣ್ಣುಗುಡ್ಡೆ ಮೇಲೆ ಸರಿದಿದೆ.

"ಡಾಕ್ಟ್ರೇ!"

ಕೂಗು ಅತ್ತೆಯ ಕಿವಿಗೂ ಕೇಳಿಸುವಂತಿತ್ತು ಎಂದು ಆಮೇಲೆ ವಾರ್ಡಿನ ನರ್ಸು ತಮಾಷೆ ಮಾಡುತ್ತಾಳೆ. ಡಾಕ್ಟರು ಪರದೆಯನ್ನೇ ಕಿತ್ತುಕೊಂಡು ಬಂದಂತೆ ಬರುತ್ತಾರೆ. ಅಷ್ಟು ಹೊತ್ತಿಗೆ ಗೆರೆ ತಾನಾಗಿ ಸರಿದಾರಿಗೆ ಬಂದಿದೆ, ಅವನು ಉಸಿರೆಳೆದುಕೊಂಡು ಕಣ್ಣು ಬಿಟ್ಟಿದ್ದಾನೆ. ನರಕ್ಕೆ ಮೆಗ್ನೀಸಿಯಮ್ ಹೋಗುತ್ತದೆ. ರಕ್ತದ ವರದಿಯಲ್ಲಿ ಪೊಟ್ಯಾಸಿಯಮ್ ಕಡಿಮೆ; ಎರಡು ದಿನದಿಂದ ಅವನಿಗೆ ಭೇದಿ ಆಗುತ್ತಿತ್ತಂತೆ, ಅದು ಬೆಂಕಿಗೆ ಗಾಳಿ ಹಾಕಿದೆ. ಅದಕ್ಕೂ ಡ್ರಿಪ್ ಏರುತ್ತದೆ. ಯಾರನ್ನೋ ಇಳಿಸಿ ಮಾನಿಟರಿನ ಮಂಚ ತೆರವು ಮಾಡಿಸುತ್ತಾರೆ.

ಅವಸರ ಇಳಿದ ಮೇಲೆ ಗೆರೆಯಕ್ಕ ಡಾಕ್ಟರನ್ನು ಪಕ್ಕಕ್ಕೆ ಕರೆದು ಟೀಯ ವಿಷಯವನ್ನೂ ಹಾಲಿನ ವಿಷಯವನ್ನೂ ಹೇಳಿಬಿಡುತ್ತಾರೆ. ಗುಟ್ಟು ಬಿಟ್ಟುಕೊಟ್ಟ ಸಂಕಟ ಮುಖದಲ್ಲಿ ಕಾಣುತ್ತದೆ. "ಎದೆ ವಿಷಯ ಅಲ್ವಾ, ಹೇಳ್ದೆ ಹೆಂಗೆ ಇರ್ಲಿ?"

ಡಾಕ್ಟರು ಕನ್ನಡಕ ತೆಗೆದು ಕಣ್ಣು ಉಜ್ಜಿಕೊಳ್ಳುತ್ತಾರೆ. "ಒಳ್ಳೇದು ಮಾಡಿದ್ರಿ. ಆದ್ರೆ ಹನಿಗಳೂ ಇವೆ, ಹಾಳೆಗಳೂ ಇವೆ. ಹಾಳೆಯಲ್ಲಿದ್ದದ್ದು ಎಲ್ಲಿ ಹೋಯ್ತು? ಎಲ್ಲಾ ಇವನ ಹೊಟ್ಟೆಗೆ ಒಟ್ಟಿಗೆ ಹೋಗಿದ್ರೆ ಇವನು ಇಷ್ಟು ಎಚ್ಚರವಾಗಿರೋದು ಕಷ್ಟ. ನನಗೂ ತಲೆಬುಡ ತಿಳೀತಿಲ್ಲಮ್ಮ."

ಗೆರೆಯಕ್ಕನಿಗೆ ಇನ್ನೊಂದು ಚಿಂತೆ. ಬುಟ್ಟಿಗೆ ಬಗ್ಗಿ, ಬೆಳಗಿನ ಮೊದಲ ತುಂಡನ್ನು ಹುಡುಕಿ ತೆಗೆದು, ತೊಡೆಯ ಮೇಲಿಟ್ಟು ಸುಕ್ಕು ನೀವಿ ಕೊಡುತ್ತಾರೆ. "ಇದು ಕೈಯಾ, ಎದೆಯಾ?"

ಡಾಕ್ಟರು ತಿರುಗಿಸಿ ತಿರುಗಿಸಿ ನೋಡುತ್ತಾರೆ. ಗರಗಸದ ಹಲ್ಲಿನ ನಡುವೆ ಆ ಗೋಜಲು. "ಕೈಯೂ ಇರಬಹುದು. ಎದೆಯೂ ಇರಬಹುದು. ಹೇಳೋಕಾಗಲ್ಲ."

"ಎದೆಯೇ ಆಗಿದ್ರೆ ನಾನು ಅದನ್ನ ಕಸಕ್ಕೆ ಹಾಕಿದ್ದೆ."

"ಆಗಿದ್ರೆ," ಎನ್ನುತ್ತಾರೆ ಡಾಕ್ಟರು.

ಮಧ್ಯಾಹ್ನದ ಹೊತ್ತಿಗೆ ಗೆರೆಯಕ್ಕ ಗಾಲಿಯ ಯಂತ್ರ ತಳ್ಳಿಕೊಂಡು ಮಾನಿಟರಿನ ಮಂಚದ ಬಳಿಗೆ ಹೋಗುತ್ತಾರೆ. ತಾಯಿಯೂ ಅಕ್ಕನೂ ಹೊರಗೆ ಬೇರೆಬೇರೆ ಬೆಂಚಿನಲ್ಲಿ ಕುಳಿತಿದ್ದಾರೆ. ಗೆರೆ ಇಳಿಯುತ್ತದೆ, ಮೌನ ಮುಗಿಯುತ್ತದೆ, "ಈಗ ಮಾತಾಡಬಹುದು" ಎನ್ನುವುದೂ ಆಗುತ್ತದೆ. ಅವನು ಚಾವಣಿ ನೋಡುತ್ತಾ ಹೇಳುತ್ತಾನೆ:

"ದಿನಕ್ಕೊಂದೇ ನುಂಗಿದ್ದು ಅಕ್ಕಾ. ನಿಯತ್ತಾಗಿ. ರಾತ್ರಿ ದೀಪ ಆರಿಸಿದ ಮೇಲೆ."

"ಅಯ್ಯೋ, ಹಾಗಾದ್ರೆ ಮನೇಲಿ ಹೇಳೋದಲ್ವಾ?"

"ಹೆಂಗ್ ಹೇಳ್ಲಿ? ಮಾತ್ರೆ ನುಂಗಿದ್ರೆ ಕೈ ನಡುಗುತ್ತೆ, ಅಕ್ಷರದ ಬಾಲ ಸೊಟ್ಟ ಬರುತ್ತೆ, ಸಾಯ್ತೀನಿ ನುಂಗಲ್ಲ ಅಂತ ದೊಡ್ಡದಾಗಿ ಹಟ ಮಾಡಿದ್ದೆ. ಆಮೇಲೆ ಒಂದಿನ ನಾನೇ ಬರೆದ ಬೋರ್ಡು ನನ್ನ ಬೈಯೋಕೆ ಶುರು ಮಾಡ್ತು. ಹೆದರಿಕೆ ಆಯ್ತು, ನಾನೇ ಹೋಗಿ ತಂದು ನುಂಗಿದೆ. ನಾನು ಹೇಳಿರ್ಲಿಲ್ವಾ ಅಂತ ಅಮ್ಮ ಒಂದು ಮುಖ ಮಾಡ್ತಾಳೆ. ಆ ಮುಖ ನೋಡೋದಕ್ಕಿಂತ ಕದ್ದು ನುಂಗೋದು ವಾಸಿ." ಗೆರೆಯಕ್ಕನ ಕಡೆ ತಿರುಗಿ ಸೇರಿಸುತ್ತಾನೆ: "ಅವರಿಗೆ ಹೇಳ್ಬೇಡಿ."

ಗೆರೆಯಕ್ಕನಿಗೆ ಈಗ ನಗು ಬರುತ್ತದೆ, ಅಳುವೂ ಬರುತ್ತದೆ. ಒಂದೇ ಸೂರಿನ ಕೆಳಗೆ ಮೂರು ಜನ, ಮೂವರೂ ಒಂದೇ ಔಷಧಿಯನ್ನು ಒಂದೇ ದೇಹಕ್ಕೆ, ಒಬ್ಬರಿಗೊಬ್ಬರು ತಿಳಿಯದ ಹಾಗೆ. ಅವನು ಸಾಯಲೆಂದು ಯಾರೂ ಏನೂ ಮಾಡಿಲ್ಲ. ಅವನು ಚೆನ್ನಾಗಿರಲೆಂದು ಮೂವರೂ ಮಾಡಿದ್ದಾರೆ, ಅದರಿಂದಲೇ ಸಾಯುತ್ತಿದ್ದ. ಇದನ್ನೂ ಹೇಳಿದರೆ ಮೂರು ಮಾತು ಮುರಿದಂತೆ. ಹೇಳದಿದ್ದರೆ ಇವನು ಬೀಗದ ವಾರ್ಡಿಗೆ. ಬಿಸಿ ತುಪ್ಪ ಬಾಯಲ್ಲಿಟ್ಟುಕೊಂಡಂತೆ ಗೆರೆಯಕ್ಕ ಯಂತ್ರ ತಳ್ಳಿಕೊಂಡು ಡಾಕ್ಟರ ಬಳಿಗೆ ಹೋಗಿ ಮಿಕ್ಕಿದ್ದನ್ನೂ ಹೇಳುತ್ತಾರೆ.

"ಆ ಮಾತು ನನ್ನ ಬಾಯಿಂದ ಬಂದ್ರೆ ವಿಚಾರಣೆ ಆಗುತ್ತೆ," ಎನ್ನುತ್ತಾರೆ ಡಾಕ್ಟರು. "ಅವರವರ ಬಾಯಿಂದ ಬರಬೇಕು. ಸಂಜೆವರೆಗೂ ನಾನು ಏನೂ ಬರೆಯಲ್ಲ. ಮನೆಗೆ ಹೋಗೋದೂ ಇಲ್ಲ, ಹೇಗೂ ನಿದ್ದೆ ಬರಲ್ಲ."

ಅವರವರ ಬಾಯಿಂದ ಬರಿಸುವುದು ಹೇಗೆ? ಅಂಥ ಕಲೆಯೇನೂ ಗೆರೆಯಕ್ಕನಿಗೆ ಗೊತ್ತಿಲ್ಲ. ಗೊತ್ತಿರುವುದು ಒಂದೇ. ಸಂಜೆಯ ಇಸಿಜಿಗೆ ಅವರು ತಾಯಿಯನ್ನೂ ಅಕ್ಕನನ್ನೂ ಒಟ್ಟಿಗೆ ಕರೆಯುತ್ತಾರೆ. "ಒಬ್ರು ಆ ಕೈ ಹಿಡ್ಕೊಳ್ಳಿ, ಒಬ್ರು ಈ ಕೈ. ನಡುಗ್ಬಾರ್ದು. ನಾನು ಹೇಳೋವರೆಗೂ ಯಾರೂ ತುಟಿ ಎರಡು ಮಾಡ್ಬೇಡಿ." ಮಂಚದ ಸುತ್ತ ಹಾಕುವ ತಡಿಕೆಗೂ ಗೋಡೆಗೂ ನಡುವೆ ಅಲ್ಲಿಯೂ ಸಂದಿ. ಅಭ್ಯಾಸಬಲದಿಂದ ಅಲ್ಲಿ ಬೆನ್ನು ಕೊಟ್ಟು ನಿಂತು ಗುಂಡಿ ಒತ್ತುತ್ತಾರೆ.

ಒಂದು ಕಾಗದಕ್ಕೆ ಬೇಕಾದಷ್ಟು ಹೊತ್ತು ಹಿಡಿಯುತ್ತಾರೆ. ಆಮೇಲೆ ಅದಕ್ಕಿಂತ ಹೆಚ್ಚು. ಅಗತ್ಯವಿಲ್ಲದ ಕಾಗದ ಉದ್ದಕ್ಕೆ ಇಳಿದು ನೆಲ ಮುಟ್ಟುತ್ತದೆ. ತಾಯಿ ಒಂದು ಕೈ ಹಿಡಿದು ಮಗನ ಉಗುರಿನ ಕೆಂಪು ಬಣ್ಣವನ್ನು ನೋಡುತ್ತಿದ್ದಾಳೆ. ಅಕ್ಕ ಇನ್ನೊಂದು ಕೈ ಹಿಡಿದು ತಾಯಿಯನ್ನು ನೋಡುತ್ತಿದ್ದಾಳೆ. ಮೂವರ ಉಸಿರೂ ಕೇಳಿಸುತ್ತದೆ. ಕೊನೆಗೆ ಗುಂಡಿ ಬಿಟ್ಟು ಗೆರೆಯಕ್ಕ ಹೇಳುತ್ತಾರೆ: "ಹಾಂ. ಈಗ ಮಾತಾಡಬಹುದು."

ಮೊದಲು ಅವನೇ. "ಅಮ್ಮಾ, ನಾನು ದಿನಾ ಒಂದು ಮಾತ್ರೆ ನುಂಗ್ತಿದ್ದೆ."

ತಾಯಿ ಅವನ ಉಗುರಿನಿಂದ ಕಣ್ಣೆತ್ತುತ್ತಾಳೆ. "ನುಂಗ್ತಿದ್ಯಾ? ಮತ್ತೆ ನಾನು ಟೀಗೆ—"

"ಟೀಗೆ?" ಎನ್ನುತ್ತಾಳೆ ಅಕ್ಕ. "ಏನಮ್ಮಾ ಟೀಗೆ? ಆಣೆ ಹಾಕಿದ್ದೆ ನೀನು!" ಗಂಟಲೇರಿಸಿದವಳು ಅರ್ಧಕ್ಕೇ ನಿಲ್ಲುತ್ತಾಳೆ, ಮುಖ ಇಳಿಯುತ್ತದೆ. "ನಾನು ಹಾಲಿಗೆ ಹಾಕ್ತಿದ್ದೆ."

ಯಾರು ಯಾರನ್ನು ಬೈಯಬೇಕೆಂದು ಯಾರಿಗೂ ತಿಳಿಯುವುದಿಲ್ಲ. ತಾಯಿ ಮಗಳ ಕಡೆ ಬೆರಳೆತ್ತಿ ಅದನ್ನು ತನ್ನ ಕಡೆಗೇ ಮಡಚಿಕೊಳ್ಳುತ್ತಾಳೆ. ಮಗ ಇಬ್ಬರ ಕೈಯಿಂದಲೂ ತನ್ನ ಕೈ ಬಿಡಿಸಿಕೊಳ್ಳುತ್ತಾನೆ. ಲೆಕ್ಕ ತಪ್ಪಿದವನಂತೆ ಕೇಳುತ್ತಾನೆ:

"ಈ ನಡುವೆ ನಾನು ಸ್ವಲ್ಪ ಹುಷಾರಾಗಿದ್ದೆ ಅಲ್ವಾ? ಧ್ವನಿ ನಿಂತಿತ್ತು. ನಾನೇ ನುಂಗಿ ನಾನೇ ಗೆದ್ದೆ ಅಂದ್ಕೊಂಡಿದ್ದೆ. ಈಗ ಹೇಳಿ, ನಾನು ಹುಷಾರಾಗಿದ್ದು ಯಾರ ಔಷಧಿಯಿಂದ?"

ತಡಿಕೆಯಾಚೆ ನಿಂತು ಕೇಳಿಸಿಕೊಂಡ ಡಾಕ್ಟರು ಕೇಸಿನ ಕಾಗದ ತೆಗೆಯುತ್ತಾರೆ. ಅವರು ಬೇಕೆಂದೇ ನುಂಗಿದ್ದಲ್ಲ ಎಂದು ಬರೆದು ಮನೆಗೆ ಹೋಗುತ್ತಾರೆ. ಬೀಗದ ವಾರ್ಡು ತಪ್ಪುತ್ತದೆ. ಆದರೆ ಆ ರಾತ್ರಿ ತಾಯಿ ತಂದ ಊಟವನ್ನು ಮಗ ಮುಟ್ಟುವುದಿಲ್ಲ. ಆಸ್ಪತ್ರೆಯ ಬ್ರೆಡ್ಡು ತಿಂದು ಗೋಡೆಯ ಕಡೆ ಹೊರಳುತ್ತಾನೆ. ಮರುದಿನವೂ ಅದೇ. ಡಬ್ಬಿ ತುಂಬಿ ಬರುತ್ತದೆ, ತುಂಬಿಯೇ ವಾಪಸು ಹೋಗುತ್ತದೆ. ಹೇಳಿಸಬಾರದಿತ್ತೇನೋ ಎಂದು ಗೆರೆಯಕ್ಕ ಮನೆಯಲ್ಲಿ ಗಂಡನನ್ನು ಕೇಳುತ್ತಾರೆ. "ನನಗೇನ್ ಗೊತ್ತು, ನಾನು ವ್ಯಾನ್ ಓಡಿಸೋನು," ಎನ್ನುತ್ತಾನೆ ಗಂಡ. ಅತ್ತೆ ಏನೂ ಕೇಳಿಸದೆಯೇ "ಹೌದೌದು" ಎನ್ನುತ್ತಾರೆ.

ಮೂರನೆಯ ದಿನ ಬೆಳಗ್ಗೆ ಗೆರೆಯಕ್ಕ ಕೈ ಉಜ್ಜಿಕೊಳ್ಳುತ್ತಾ ಅವನ ಮಂಚದ ಬಳಿ ನಿಂತಿದ್ದಾರೆ. ಹಿಗ್ಗಿದ್ದ ಹೊತ್ತು ನಿನ್ನೆಯ ಗೆರೆಯಲ್ಲೇ ಮಾಮೂಲಿಗೆ ಬಂದಿದೆ. ತಾಯಿ ಫ್ಲಾಸ್ಕಿನಿಂದ ಲೋಟಕ್ಕೆ ಟೀ ಬಗ್ಗಿಸುತ್ತಾಳೆ. ಮಗ ಲೋಟದೊಳಗೆ ನೋಡುತ್ತಾನೆ, ಕೈ ಚಾಚುವುದಿಲ್ಲ. ತಾಯಿ ಏನೂ ಹೇಳದೆ ಲೋಟವೆತ್ತಿ ತಾನೇ ಒಂದು ಗುಟುಕು ಕುಡಿಯುತ್ತಾಳೆ. ಅಕ್ಕನ ಕಡೆ ಚಾಚುತ್ತಾಳೆ. ಅವಳೂ ಒಂದು ಗುಟುಕು. ಅಷ್ಟೂ ಸಾಲದೆಂಬಂತೆ ತಾಯಿ ಮತ್ತೊಂದು ಗುಟುಕು ಕುಡಿಯುತ್ತಾಳೆ.

"ನನಗೂ ಒಂದಿಷ್ಟು ಉಳಿಸ್ತೀರೋ, ಇಲ್ಲಾ ಎಲ್ಲಾ ಪರೀಕ್ಷೆಗೇ ಹೋಗುತ್ತೋ?" ಎನ್ನುತ್ತಾನೆ ಅವನು.

ಲೋಟ ಅವನ ಕೈಗೆ ಬರುತ್ತದೆ. ಕೈ ನಡುಗಿ ಟೀ ಹಾಸಿಗೆಯ ಮೇಲೆ ಚೆಲ್ಲುತ್ತದೆ. ಯಾರೂ ಅದನ್ನು ಒರೆಸುವುದಿಲ್ಲ. ಅವನು ಕುಡಿಯುತ್ತಾನೆ.

ಗೆರೆಯಕ್ಕ ಆ ದಿನದ ಕಾಗದವನ್ನು ಡಾಕ್ಟರ ಮೇಜಿನ ಮೇಲಿಟ್ಟು ತಮ್ಮ ಕೋಣೆಗೆ ಮರಳುತ್ತಾರೆ. ಆಚೆಗೆ ಆಗಲೇ ಸಾಲು ನಿಂತಿದೆ. ಕಸದ ಬುಟ್ಟಿಗೆ ಈಗ ನಡುಕದ ಕಾಗದಗಳು ಬೀಳುವುದಿಲ್ಲ. ಕೆಟ್ಟ ಗೆರೆಯನ್ನೂ ಒಳ್ಳೆಯ ಗೆರೆಯ ಹಿಂದೆ ಪಿನ್ನು ಹೊಡೆದು ಕಳಿಸುತ್ತಾರೆ. "ಕೈಯೋ ಎದೆಯೋ ಅಂತ ನೋಡ್ಕೊಳ್ಳೋರು ನೋಡ್ಕೊಳ್ಳಲಿ. ನನಗೆ ಆವತ್ತಿಂದು ಇವತ್ತಿಗೂ ಗೊತ್ತಾಗಿಲ್ಲ."

ಅವರಿಗೇನಾದರೂ ಆಸೆ ಇದೆಯೇ? ಯೋಚಿಸಿ, ಪರದೆಯ ಅಂಚನ್ನು ಹಿಡಿದು ಗೋಡೆಯ ತನಕ ಎಳೆದು ನೋಡುತ್ತಾರೆ. ಅದು ಬರುವುದಿಲ್ಲ. "ಇದೊಂದು ಗೋಡೆ ಮುಟ್ಟಿದ್ರೆ ಸಾಕು. ಜನ ಒಳಗೆ ಬಂದು ಏನೇನೋ ಹೇಳ್ತಾರೆ, ಪಾಪ. ಅಲ್ಲೀವರೆಗೂ ಬೆನ್ನಿದೆಯಲ್ಲ."

ಮುಂದಿನವರು ಮಂಚ ಏರುತ್ತಾರೆ. ಗೆರೆಯಕ್ಕ ಸಂದಿಗೆ ಬೆನ್ನು ಕೊಟ್ಟು ನಿಲ್ಲುತ್ತಾರೆ.